ನೀರಿನಲ್ಲಿರುವ ಭಾರಲೋಹ: ನ್ಯಾನೋಕಣಗಳಿಂದ ಪತ್ತೆ ಹಚ್ಚಿ ತೆಗೆಯುವುದು ಹೇಗೆ?

ಸೀಸ ಬೆರೆತ ನೀರು ನೋಡೋಕೆ ಚೆನ್ನಾಗೇ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕುಡಿದರೂ ಗೊತ್ತಾಗುವುದಿಲ್ಲ. ಕುದಿಸಿದರೆ ಹೋಗುತ್ತದಾ ಅಂದರೆ ಅದೂ ಇಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಸೀಸದ ಪ್ರಮಾಣ ಏರುತ್ತಾ ಹೋಗುತ್ತದೆ. ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸದ ಕಥೆಯೂ ಇದೇ.

ಇಂಥ ಲೋಹಗಳನ್ನು ಪತ್ತೆ ಮಾಡೋಕೂ ತೆಗೆಯೋಕೂ ಲೋಹದ ನ್ಯಾನೋಕಣ, ಅಂದರೆ ಕೆಲವೇ ನ್ಯಾನೋಮೀಟರ್ ಗಾತ್ರದ ಕಣ, ಬಳಸಬಹುದು. ಅದನ್ನು ಲ್ಯಾಬಿನಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಗೆ ಮಾಡೋದು ಅನ್ನೋದು ಈ ಬರಹದ ವಿಷಯ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು, ಹೊಸದಾಗಿ ಸಂಶೋಧನೆಗೆ ಇಳಿದವರು, ಲ್ಯಾಬ್ ನೋಡಿಕೊಳ್ಳುವವರು, ಇವರೆಲ್ಲ ಮನಸ್ಸಿನಲ್ಲಿದ್ದಾರೆ. ಫ್ಯೂಮ್ ಹುಡ್, ನೈಟ್ರೈಲ್ ಕೈಗವಸು, ಕನ್ನಡಕ, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವ ವ್ಯವಸ್ಥೆ ಇಲ್ಲದಿದ್ದರೆ ಓದಿಕೊಳ್ಳಿ ಸಾಕು, ಮಾಡಲು ಹೋಗಬೇಡಿ. ಮನೆಯಲ್ಲಂತೂ ಬೇಡವೇ ಬೇಡ.

ಶುರು ಮಾಡುವ ಮೊದಲು ಒಂದು ಮಾತು. ಕಣಗಳನ್ನು ತಯಾರಿಸಿ ನೀರಿಗೆ ಹಾಕೋದು ಸುಲಭ. ಹಾಕಿದ ಕಣಗಳನ್ನು ಪೂರ್ತಿ ವಾಪಸ್ ತೆಗೆಯೋದು, ತೆಗೆದಿದ್ದೇವೆ ಅಂತ ತೋರಿಸೋದು ಕಷ್ಟ. ಬಹಳಷ್ಟು ಪ್ರಯೋಗಗಳು ಎಡವುವುದು ಅಲ್ಲೇ. ಹಾಗಾಗಿ ಈ ಬರಹದಲ್ಲಿ ತಯಾರಿಕೆಯಷ್ಟೇ ಜಾಗ ತಪಾಸಣೆಗೂ ಸಿಕ್ಕಿದೆ.

ಮೊದಲು ಗುರಿ ಬರೆದುಕೊಳ್ಳಿ

ನೀರು ಶುದ್ಧವಾಯಿತು ಅನ್ನೋಕೆ ಒಂದು ಸಂಖ್ಯೆ ಬೇಕು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಮಾರ್ಗಸೂಚಿ ಮಿತಿ ಹೀಗಿದೆ: ಒಂದು ಲೀಟರಿಗೆ ಸೀಸ 10 ಮೈಕ್ರೋಗ್ರಾಂ, ಆರ್ಸೆನಿಕ್ 10, ಕ್ಯಾಡ್ಮಿಯಂ 3, ಅಜೈವಿಕ ಪಾದರಸ 6, ಒಟ್ಟು ಕ್ರೋಮಿಯಂ 50. ಲೀಟರಿಗೆ ಒಂದು ಮೈಕ್ರೋಗ್ರಾಂ ಅಂದರೆ ರೂಢಿಯಲ್ಲಿ ಒಂದು ಪಿಪಿಬಿ. ನೀವಿರುವ ಕಡೆ ಕಾನೂನು ಇದಕ್ಕಿಂತ ಬಿಗಿಯಾಗಿದ್ದರೆ ಅದೇ ಗುರಿ.

ಸಂಶೋಧನಾ ಲೇಖನಗಳಲ್ಲಿ ಲೆಕ್ಕ ಸಾಮಾನ್ಯವಾಗಿ ನ್ಯಾನೋಮೋಲಾರ್‌ನಲ್ಲಿ ಇರುತ್ತದೆ, ಅದು ಲೀಟರಿಗೆ ಎಷ್ಟು ತೂಕ ಅಂತಲ್ಲ, ಎಷ್ಟು ಪರಮಾಣು ಅನ್ನುವ ಅಳತೆ. ಅದನ್ನು ಪಿಪಿಬಿಗೆ ತಿರುಗಿಸಿ ನೋಡಿ. 10 ಪಿಪಿಬಿ ಸೀಸ ಅಂದರೆ ಸುಮಾರು 48 ನ್ಯಾನೋಮೋಲಾರ್. 6 ಪಿಪಿಬಿ ಪಾದರಸ ಅಂದರೆ ಸುಮಾರು 30. ಈಗ ‘ನಮ್ಮ ಸೆನ್ಸರ್ 100 ನ್ಯಾನೋಮೋಲಾರ್ ಸೀಸ ಗುರುತಿಸುತ್ತದೆ’ ಅಂತ ಯಾರಾದರೂ ಬರೆದಿದ್ದರೆ, ಅದು 20 ಪಿಪಿಬಿಗಿಂತ ಕೆಳಗಿನದನ್ನು ಕಾಣುವುದಿಲ್ಲ ಎಂದರ್ಥ. ಅಂದರೆ ಮಿತಿಯ ಎರಡು ಪಟ್ಟು ಸೀಸ ಇರುವ ನೀರೂ ಅಂಥ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು. ಈ ಗುಣಾಕಾರ ಮಾಡದೆ ವಿಧಾನ ಆರಿಸಿಕೊಳ್ಳಬೇಡಿ.

ಪತ್ತೆಗೆ ಒಂದು ಕಣ, ತೆಗೆಯಲು ಇನ್ನೊಂದು

ಎರಡೂ ಕೆಲಸ ಒಂದೇ ಕಣ ಮಾಡಲಿ ಅಂತ ಆಸೆ ಇರುತ್ತದೆ. ಆದರೆ ಎರಡರ ಅಗತ್ಯ ಪೂರ್ತಿ ಬೇರೆ. ಪತ್ತೆ ಮಾಡುವ ಕಣ ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿರಬೇಕು. ಚೂರು ಲೋಹ ಸಿಕ್ಕರೂ ಅದರ ಬಣ್ಣ ಬದಲಾಗಬೇಕು. ಬೇಕಾಗುವುದು ಒಂದೆರಡು ಮಿಲಿಲೀಟರ್, ಆಮೇಲೆ ಅದು ನೇರ ತ್ಯಾಜ್ಯದ ಬಾಟಲಿಗೆ. ಚಿನ್ನ, ಬೆಳ್ಳಿ ಇಲ್ಲಿ ಸರಿ.

ತೆಗೆಯುವ ಕಣದ ಜಾತಿಯೇ ಬೇರೆ. ಅದು ಗ್ರಾಂಗಟ್ಟಲೆ ಬೇಕು, ಅಗ್ಗವಾಗಿರಬೇಕು, ಕೆಲಸ ಮುಗಿದ ಮೇಲೆ ನೀರಿನಿಂದ ಹೊರಗೆ ಬರಬೇಕು. ಇಲ್ಲಿ ಕಬ್ಬಿಣಕ್ಕೆ ಸಾಟಿ ಇಲ್ಲ. ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಆಕ್ಸೈಡ್ ಅಯಸ್ಕಾಂತಕ್ಕೆ ಅಂಟುತ್ತದೆ. ಶೂನ್ಯ ವೇಲೆನ್ಸಿಯ ಕಬ್ಬಿಣ, ಅಂದರೆ ಲೋಹ ರೂಪದಲ್ಲೇ ಇರುವ ಕಬ್ಬಿಣ, ಕೆಲವು ಲೋಹಗಳನ್ನು ರಾಸಾಯನಿಕವಾಗಿ ಬದಲಾಯಿಸಿಯೇ ಬಿಡುತ್ತದೆ.

ಗಾತ್ರ ಚಿಕ್ಕದಾದಷ್ಟೂ ಮೇಲ್ಮೈ ಹೆಚ್ಚು. 12 ನ್ಯಾನೋಮೀಟರ್ ಮ್ಯಾಗ್ನೆಟೈಟ್ ಒಂದು ಗ್ರಾಂ ತಗೊಂಡರೆ ಅದರ ಮೇಲ್ಮೈ ಲೆಕ್ಕದಲ್ಲಿ ನೂರು ಚದರ ಮೀಟರಿನ ಹತ್ತಿರ ಬರುತ್ತದೆ. ಲೋಹ ಅಂಟಿಕೊಳ್ಳುವುದು ಮೇಲ್ಮೈಗೆ ತಾನೇ, ನ್ಯಾನೋ ಗಾತ್ರ ಬೇಕಾಗಿರುವುದು ಅದಕ್ಕೇ.

ಹಂತ 1: ನೀರಿನ ಮಾದರಿ ತೆಗೆಯೋದು

ಇಲ್ಲಿ ತಪ್ಪಿದರೆ ಮುಂದಿನ ಯಾವ ಉಪಕರಣವೂ ಸರಿ ಮಾಡಲಾರದು. ಬಾಟಲಿಗಳನ್ನು 10 ಶೇಕಡಾ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಅಯಾನು ತೆಗೆದ ನೀರಿನಲ್ಲಿ ತೊಳೆಯಿರಿ. ಸೀಸ, ಕ್ಯಾಡ್ಮಿಯಂಗೆ ಪಾಲಿಎಥಿಲೀನ್ ಬಾಟಲಿ ಸಾಕು. ಪಾದರಸ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಳ್ಳುತ್ತದೆ, ಅದಕ್ಕೆ ಗಾಜಿನ ಇಲ್ಲವೇ ಟೆಫ್ಲಾನ್ ಬಾಟಲಿ ಬೇಕು.

ಕರಗಿದ ಲೋಹ ಎಷ್ಟು ಅಂತ ತಿಳಿಯಬೇಕಾದರೆ 0.45 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿ, ಆಮೇಲೆ ಶುದ್ಧ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ತನ್ನಿ. ಆರು ವೇಲೆನ್ಸಿಯ ಕ್ರೋಮಿಯಂ ನೋಡುವುದಾದರೆ ಆಮ್ಲ ಹಾಕಬೇಡಿ. ನೀರಿನಲ್ಲಿ ಸಾವಯವ ವಸ್ತು ಇದ್ದರೆ ಆಮ್ಲದಲ್ಲಿ ಅದು ಮೂರು ವೇಲೆನ್ಸಿಗೆ ಇಳಿದುಬಿಡುತ್ತದೆ. ಬಣ್ಣದ ಪರೀಕ್ಷೆಗೆ ಆಮ್ಲ ಹಾಕದ ತಾಜಾ ಮಾದರಿ ಬೇರೆಯಾಗಿಯೇ ಇಟ್ಟುಕೊಳ್ಳಿ. ಆಮ್ಲ ಸೇರಿದ ನೀರನ್ನು ಹಾಗೇ ಚಿನ್ನದ ಕಣಕ್ಕೆ ಹಾಕಿದರೆ ಲೋಹ ಇರಲಿ ಬಿಡಲಿ, ಬಣ್ಣ ಕೆಡುತ್ತದೆ.

ಹಂತ 2: ಚಿನ್ನದ ಕಣ ತಯಾರಿ

ಮೈಕೆಲ್ ಫ್ಯಾರಡೆ 1857ರಲ್ಲೇ ಕೆಂಪು ಬಣ್ಣದ ಚಿನ್ನದ ದ್ರಾವಣ ಮಾಡಿ ತೋರಿಸಿದ್ದರು. ಇವತ್ತು ಎಲ್ಲರೂ ಬಳಸುವ ಸಿಟ್ರೇಟ್ ವಿಧಾನ 1951ರಲ್ಲಿ ಜಾನ್ ಟರ್ಕೆವಿಚ್ ತಂಡ ಕೊಟ್ಟದ್ದು. ಗಾತ್ರ ಹಿಡಿತದಲ್ಲಿಡೋಕೆ 1973ರಲ್ಲಿ ಫ್ರೆನ್ಸ್ ಅದನ್ನು ತಿದ್ದಿದರು.

ಗಾಜಿನ ಪಾತ್ರೆಗಳು ತೀರಾ ಶುದ್ಧವಾಗಿರಬೇಕು. ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಂದು ಪಾಲು ನೈಟ್ರಿಕ್ ಆಮ್ಲ ಸೇರಿಸಿದ ರಾಜಾಮ್ಲದಲ್ಲಿ ತೊಳೆಯುವುದು ವಾಡಿಕೆ. ಇದನ್ನು ಹುಡ್ ಒಳಗೇ ಮಾಡಿ. ಬೇಕಾದಷ್ಟೇ ಮಾಡಿ. ಮುಚ್ಚಳ ಹಾಕಿ ಎತ್ತಿಡಬೇಡಿ, ಅನಿಲ ತುಂಬಿ ಬಾಟಲಿ ಸಿಡಿಯುತ್ತದೆ. ಆಮೇಲೆ ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ.

ಕ್ಲೋರೋಆರಿಕ್ ಆಮ್ಲದ ಟ್ರೈಹೈಡ್ರೇಟ್ ಸುಮಾರು 20 ಮಿಲಿಗ್ರಾಂ ತೂಗಿ 50 ಮಿಲಿಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ. ಇದು ಒಂದು ಮಿಲಿಮೋಲಾರ್. ಸ್ಟೀಲ್ ಚಮಚ ಬೇಡ, ಚಿನ್ನದ ಲವಣ ಅದನ್ನು ತಿನ್ನುತ್ತದೆ. ಪ್ಲಾಸ್ಟಿಕ್ ಚಮಚ ತಗೊಳ್ಳಿ. ಇದು ಗಾಳಿಯ ತೇವ ಬೇಗ ಹೀರುವ ಲವಣ, ಹಾಗಾಗಿ ತೂಕ ಮಾಡುವಾಗ ನಿಧಾನ ಬೇಡ. ಇನ್ನೊಂದು ಕಡೆ ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟ್ 1.14 ಗ್ರಾಂ ತಗೊಂಡು 100 ಮಿಲಿಲೀಟರಿಗೆ ಕರಗಿಸಿ, ಇದು 38.8 ಮಿಲಿಮೋಲಾರ್ ಆಗುತ್ತದೆ.

ಚಿನ್ನದ ದ್ರಾವಣವನ್ನು ಕಂಡೆನ್ಸರ್ ಹಾಕಿ ಚೆನ್ನಾಗಿ ಕುದಿಸಿ, ಜೋರಾಗಿ ಕಲಕುತ್ತಾ ಇರಿ. ಕುದಿ ಬಂದ ಮೇಲೆ ಸಿಟ್ರೇಟ್ 5 ಮಿಲಿಲೀಟರ್ ಒಂದೇ ಸಲ ಸುರಿಯಿರಿ. ಹನಿ ಹನಿಯಾಗಿ ಹಾಕಿದರೆ ಕಣಗಳು ಒಂದೊಂದು ಗಾತ್ರಕ್ಕೆ ಬರುತ್ತವೆ. ಈಗ ಬಣ್ಣ ನೋಡುತ್ತಾ ನಿಲ್ಲಿ. ತಿಳಿ ಹಳದಿ ಮಾಯವಾಗಿ ದ್ರಾವಣ ಬಣ್ಣವಿಲ್ಲದಂತಾಗುತ್ತದೆ. ಸ್ವಲ್ಪ ಹೊತ್ತಿಗೆ ಬೂದು, ಮಸಿ ನೀಲಿ. ಆಮೇಲೆ ನೇರಳೆ. ಕೊನೆಗೆ ದ್ರಾಕ್ಷಾರಸದ ಕೆಂಪು. ಕೆಂಪು ನಿಂತ ಮೇಲೂ ಹತ್ತು ನಿಮಿಷ ಕುದಿಸಿ, ಉರಿ ತೆಗೆದು ಕಾಲು ಗಂಟೆ ಕಲಕಿ ತಣಿಸಿ.

ಕಣ ಸುಮಾರು 13 ನ್ಯಾನೋಮೀಟರ್ ಇರುತ್ತದೆ. ಯಾವ ಬಣ್ಣದ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆ ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 520 ನ್ಯಾನೋಮೀಟರ್ ಹತ್ತಿರ ಒಂದೇ ಒಂದು ಚೂಪಾದ ಶಿಖರ ಕಾಣಬೇಕು. ಶಿಖರ 530 ದಾಟಿದ್ದರೆ, ಇಲ್ಲವೇ 650ರ ಕಡೆ ಬಾಲ ಎದ್ದಿದ್ದರೆ, ಆ ಬ್ಯಾಚನ್ನು ಪತ್ತೆಗೆ ಬಳಸಬೇಡಿ.

ಒಂದು ಲೆಕ್ಕ ಮಾಡಿಟ್ಟುಕೊಳ್ಳಿ. 13 ನ್ಯಾನೋಮೀಟರಿನ ಒಂದು ಕಣದಲ್ಲಿ ಸುಮಾರು 68,000 ಚಿನ್ನದ ಪರಮಾಣು ಹಿಡಿಯುತ್ತವೆ. ಹಾಕಿದ ಚಿನ್ನವೆಲ್ಲ ಕಣವಾಯಿತು ಅಂದುಕೊಂಡರೆ ಕಣಗಳ ಸಾಂದ್ರತೆ ಸುಮಾರು 13 ನ್ಯಾನೋಮೋಲಾರ್. ಇದರ ಹೀರುವಿಕೆ 3.6ರ ಹತ್ತಿರ ಬರುತ್ತದೆ, ಉಪಕರಣ ಅಷ್ಟು ಗಾಢ ಬಣ್ಣವನ್ನು ಸರಿಯಾಗಿ ಅಳೆಯುವುದಿಲ್ಲ. ಮೂರು ನಾಲ್ಕು ಪಟ್ಟು ತೆಳು ಮಾಡಿ ಹೀರುವಿಕೆ ಒಂದರ ಆಸುಪಾಸಿಗೆ ತಂದುಕೊಳ್ಳಿ. ಉಳಿದದ್ದನ್ನು ಕತ್ತಲೆಯಲ್ಲಿ 4 ಡಿಗ್ರಿಯಲ್ಲಿಡಿ. ಫ್ರೀಜರಿಗೆ ಹೋದರೆ ಕಥೆ ಮುಗಿಯಿತು, ಕಣ ಗಂಟು ಕಟ್ಟಿದರೆ ಮತ್ತೆ ಬಿಡುವುದಿಲ್ಲ.

ಹಂತ 3: ಸೀಸಕ್ಕೆ ಸ್ಪಂದಿಸುವಂತೆ ಮಾಡೋದು

ಚಿನ್ನದ ಕಣಗಳು ದೂರ ದೂರ ಇದ್ದಾಗ ಕೆಂಪು, ಒಂದಕ್ಕೊಂದು ತೀರಾ ಹತ್ತಿರ ಬಂದಾಗ ನೀಲಿ. ಬಣ್ಣದ ಪರೀಕ್ಷೆಯ ಗುಟ್ಟು ಇಷ್ಟೇ. ಸೀಸದ ಅಯಾನು ಬಂದಾಗ ಮಾತ್ರ ಕಣಗಳು ಕೈ ಕೈ ಹಿಡಿಯುವಂತೆ ಮಾಡಬೇಕು. ಅದಕ್ಕೆ ಕಣದ ಮೈಮೇಲೆ ಗ್ಲುಟಾಥಯೋನ್ ಅನ್ನೋ ಸಣ್ಣ ಸಾವಯವ ಅಣು ಕೂರಿಸುತ್ತೇವೆ. ಅದರ ಗಂಧಕದ ತುದಿ ಚಿನ್ನ ಹಿಡಿಯುತ್ತದೆ, ಇನ್ನೊಂದು ತುದಿಯ ಕಾರ್ಬಾಕ್ಸಿಲ್ ಗುಂಪುಗಳು ಹೊರಗೆ ಚಾಚಿ ಸೀಸ ಹಿಡಿಯುತ್ತವೆ. ಒಂದು ಸೀಸದ ಅಯಾನು ಎರಡು ಕಣಗಳ ನಡುವೆ ಸೇತುವೆ ಆಗುತ್ತದೆ.

ಗ್ಲುಟಾಥಯೋನ್ ಎಷ್ಟು ಹಾಕಬೇಕು? ಮೇಲ್ಮೈ ಲೆಕ್ಕ ಹಾಕಿದರೆ ಒಂದು ಕಣಕ್ಕೆ ಸುಮಾರು 2,000 ಅಣು ಹಿಡಿಯುತ್ತವೆ. ಅಂದರೆ ತೆಳು ಮಾಡದ ಮೂಲ ದ್ರಾವಣಕ್ಕೆ 25ರಿಂದ 30 ಮೈಕ್ರೋಮೋಲಾರ್ ಸಾಕು. ಸುಮ್ನೆ ಜಾಸ್ತಿ ಸುರಿದರೆ ಹೆಚ್ಚಾದ ಗ್ಲುಟಾಥಯೋನ್ ನೀರಿನಲ್ಲೇ ಉಳಿದು, ಕಣಕ್ಕಿಂತ ಮೊದಲು ಸೀಸವನ್ನು ಅದೇ ಹಿಡಿದುಕೊಳ್ಳುತ್ತದೆ. 10, 20, 40 ಮೈಕ್ರೋಮೋಲಾರ್ ಹೀಗೆ ಸಾಲಾಗಿ ಮಾಡಿ ನೋಡಿ. ಮೊದಲು ದ್ರಾವಣದ ಪಿಎಚ್ 8ರ ಹತ್ತಿರ ತನ್ನಿ, ಆಮ್ಲೀಯವಾಗಿದ್ದರೆ ಗ್ಲುಟಾಥಯೋನ್ ತಾನೇ ಕಣಗಳನ್ನು ಗಂಟು ಹಾಕುತ್ತದೆ. ಎರಡು ಗಂಟೆ ಮೆಲ್ಲಗೆ ಕಲಕಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ನೀರು ಚೆಲ್ಲಿ, ತಳದ ಕೆಂಪನ್ನು ಶುದ್ಧ ನೀರಿನಲ್ಲಿ ಮತ್ತೆ ಹರಡಿ.

ಈಗ ಉಪ್ಪಿನ ಸರದಿ. ಸೋಡಿಯಂ ಕ್ಲೋರೈಡ್ ಸ್ವಲ್ಪ ಸ್ವಲ್ಪ ಸೇರಿಸಿದರೆ ಕಣಗಳ ನಡುವಿನ ವಿಕರ್ಷಣೆ ಕಡಿಮೆಯಾಗುತ್ತದೆ. ಸೀಸ ಇಲ್ಲದ ಖಾಲಿ ದ್ರಾವಣ ಇನ್ನೂ ಕೆಂಪಾಗಿಯೇ ಇದೆ, ಇನ್ನೊಂದು ಚೂರು ಹಾಕಿದರೆ ನೇರಳೆಗೆ ತಿರುಗುತ್ತದೆ ಅನ್ನುವ ಅಂಚು ಹುಡುಕಿ, ಅದಕ್ಕಿಂತ ಸ್ವಲ್ಪ ಹಿಂದೆ ನಿಲ್ಲಿಸಿ. ಆ ಅಂಚಿನಲ್ಲಿ ನಿಂತ ಕಣಕ್ಕೆ ಒಂಚೂರು ಸೀಸ ಸಾಕು, ಬಣ್ಣ ತಿರುಗುತ್ತದೆ. ಈ ಅಂಚು ಪ್ರತಿ ಬ್ಯಾಚಿಗೂ ಬೇರೆ. ಹೋದ ವಾರದ ಅಳತೆ ಈ ವಾರ ನಡೆಯುವುದಿಲ್ಲ.

ಸೀಸದ 1000 ಪಿಪಿಎಂ (ಲೀಟರಿಗೆ 1000 ಮಿಲಿಗ್ರಾಂ) ಪ್ರಮಾಣಿತ ದ್ರಾವಣದಿಂದ 0, 5, 10, 20, 50, 100, 200 ಪಿಪಿಬಿ ಸಾಲು ಮಾಡಿ. ಮೂಲ ದ್ರಾವಣದಲ್ಲಿ ಆಮ್ಲ ಇರುತ್ತದೆ, ತೆಳು ಮಾಡಿದ ಮೇಲೆ ಪಿಎಚ್ ಸರಿ ಮಾಡಿ. ಪ್ರತಿಯೊಂದನ್ನೂ ಸಮ ಪ್ರಮಾಣದ ಚಿನ್ನದ ದ್ರಾವಣಕ್ಕೆ ಸೇರಿಸಿ, ಹತ್ತು ನಿಮಿಷವೋ ಹದಿನೈದೋ, ಒಂದೇ ಸಮಯ ಕಾದು ಅಳೆಯಿರಿ. ಗಂಟು ಕಟ್ಟುವುದು ನಿಲ್ಲದೆ ನಡೆಯುತ್ತಲೇ ಇರುತ್ತದೆ, ಅದಕ್ಕೇ ಸಮಯದ ಶಿಸ್ತು. 650ರ ಹೀರುವಿಕೆಯನ್ನು 520ರ ಹೀರುವಿಕೆಯಿಂದ ಭಾಗಿಸಿ, ಆ ಅನುಪಾತವನ್ನು ಸೀಸದ ಪ್ರಮಾಣದ ಎದುರು ಗ್ರಾಫ್ ಹಾಕಿ. ಖಾಲಿ ದ್ರಾವಣವನ್ನು ಕನಿಷ್ಠ ಹತ್ತು ಸಲ ಅಳೆದು, ಅದರ ಪ್ರಮಾಣಿತ ವಿಚಲನೆಯ ಮೂರು ಪಟ್ಟನ್ನು ಗ್ರಾಫಿನ ಇಳಿಜಾರಿನಿಂದ ಭಾಗಿಸಿದರೆ ಪತ್ತೆಯ ಕನಿಷ್ಠ ಮಿತಿ ಸಿಗುತ್ತದೆ.

ಸ್ಪೆಕ್ಟ್ರೋಫೋಟೋಮೀಟರ್ ಇಲ್ಲದಿದ್ದರೆ ಫೋನ್ ಕ್ಯಾಮೆರಾ ಆಗುತ್ತದೆ. ಬಿಳಿ ಗೋಡೆಯ ಚಿಕ್ಕ ಡಬ್ಬಿ, ಒಳಗೆ ಒಂದೇ ದೀಪ, ಆಟೋ ವೈಟ್ ಬ್ಯಾಲೆನ್ಸ್ ಆಫ್. ಕೆಂಪು ಮತ್ತು ನೀಲಿ ಚಾನೆಲ್ ಅನುಪಾತ ತಗೊಳ್ಳಿ. ಕಣ್ಣಂದಾಜಿಗಿಂತ ಎಷ್ಟೋ ವಾಸಿ.

ನಿಜವಾದ ನೀರು ಬಂದಾಗ

ಶುದ್ಧ ನೀರಿನಲ್ಲಿ ಗ್ರಾಫ್ ನೆಟ್ಟಗೆ ಬರುತ್ತದೆ. ಬಾವಿ ನೀರು ಹಾಕಿದ ಕ್ಷಣ ಎಲ್ಲ ನೀಲಿ! ಅಷ್ಟು ಸೀಸ ಇದೆ ಅಂತ ಗಾಬರಿಯಾಗಬೇಡಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಕಾರ್ಬಾಕ್ಸಿಲ್ ಗುಂಪು ಹಿಡಿಯುತ್ತವೆ. ಬರೀ ಉಪ್ಪೂ ಅದೇ ಕೆಲಸ ಮಾಡುತ್ತದೆ. ಇನ್ನೊಂದು ಕಡೆ, ಎಲೆ ಕೊಳೆತು ಬಂದ ಹ್ಯೂಮಿಕ್ ಆಮ್ಲ ಇದ್ದರೆ ಅದು ಕಣಕ್ಕೆ ಹೊದಿಕೆಯಾಗಿ, ಸೀಸ ಇದ್ದರೂ ಬಣ್ಣ ತಿರುಗದ ಹಾಗೆ ಮಾಡುತ್ತದೆ. ಈ ಎರಡನೆಯದು ಜಾಸ್ತಿ ಅಪಾಯ. ಸುಳ್ಳು ಎಚ್ಚರಿಕೆ ಬಂದರೆ ಇನ್ನೊಂದು ಪರೀಕ್ಷೆ ಮಾಡುತ್ತೀರಿ. ಸುಳ್ಳು ಸಮಾಧಾನ ಸಿಕ್ಕರೆ ಆ ನೀರು ಕುಡಿಯುತ್ತೀರಿ.

ಹಾಗಾಗಿ ಗೊತ್ತಿರುವಷ್ಟು ಸೀಸವನ್ನು ಅದೇ ಬಾವಿ ನೀರಿಗೆ ಸೇರಿಸಿ ಅಳೆಯಿರಿ. 20 ಪಿಪಿಬಿ ಸೇರಿಸಿದಾಗ 20ರಷ್ಟೇ ಏರಿದರೆ ವಿಧಾನ ಆ ನೀರಿನಲ್ಲಿ ನಡೆಯುತ್ತಿದೆ. 8 ಮಾತ್ರ ಏರಿದರೆ ಯಾವುದೋ ಅಡ್ಡ ಬರುತ್ತಿದೆ. ನೀರನ್ನು ಹತ್ತು ಪಟ್ಟು ತೆಳು ಮಾಡಿದರೆ ಅಡ್ಡಿ ಕಡಿಮೆಯಾಗಬಹುದು, ಆದರೆ ಸೀಸವೂ ಹತ್ತು ಪಟ್ಟು ತೆಳುವಾಗುತ್ತದೆ, ಅಲ್ವಾ? ಲೋಹದ ಅಯಾನುಗಳನ್ನು ಬಿಗಿಯಾಗಿ ಹಿಡಿಯುವ ಇಡಿಟಿಎ ಅನ್ನೋ ರಾಸಾಯನಿಕ ಸೇರಿಸಿ ನೋಡುವುದೂ ಉಪಯೋಗ. ಬಣ್ಣ ಕೆಂಪಿನ ಕಡೆ ಮರಳಿದರೆ ಲೋಹದ ಸೇತುವೆಯಿಂದಲೇ ಗಂಟಾಗಿತ್ತು ಅಂತ ಗೊತ್ತಾಗುತ್ತದೆ. ಆದರೆ ಇಡಿಟಿಎ ಕ್ಯಾಲ್ಸಿಯಂ ಅನ್ನೂ ಎಳೆಯುತ್ತದೆ, ಸೀಸವೇ ಅಂತ ಇದರಿಂದ ಹೇಳೋಕೆ ಬರುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಬಣ್ಣದ ಪರೀಕ್ಷೆ ಜರಡಿ ಹಿಡಿಯೋಕೆ ಒಳ್ಳೆಯದು, ತೀರ್ಪು ಕೊಡೋಕೆ ಅಲ್ಲ. ನೂರು ಮಾದರಿಯಲ್ಲಿ ಅನುಮಾನದ ಹತ್ತನ್ನು ಆರಿಸಿ, ಆ ಹತ್ತನ್ನೂ, ಜೊತೆಗೆ ಪಾಸಾದ ಕೆಲವನ್ನೂ, ಐಸಿಪಿ ಮಾಸ್ ಸ್ಪೆಕ್ಟ್ರೋಮೀಟರ್ ಅಥವಾ ಗ್ರಾಫೈಟ್ ಫರ್ನೇಸ್ ಪರಮಾಣು ಹೀರುವಿಕೆಯ ಉಪಕರಣದಲ್ಲಿ ಖಚಿತ ಮಾಡಿಕೊಳ್ಳಿ.

ಪಾದರಸಕ್ಕೆ ಬೆಳ್ಳಿ

ಇದು ಚಿಕ್ಕ ಕೆಲಸ. ಐಸಿನಲ್ಲಿಟ್ಟ 2 ಮಿಲಿಮೋಲಾರ್ ಸೋಡಿಯಂ ಬೋರೋಹೈಡ್ರೈಡ್ 30 ಮಿಲಿಲೀಟರ್ ಕಲಕುತ್ತಾ, ಒಂದು ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ 10 ಮಿಲಿಲೀಟರನ್ನು ಸೆಕೆಂಡಿಗೆ ಒಂದು ಹನಿಯಂತೆ ಬಿಡಿ. ತಿಳಿ ಹಳದಿ ಬಂದು ಗಾಢವಾಗುತ್ತದೆ. ಬೆಳ್ಳಿ ಮುಗಿದ ಕೂಡಲೇ ಕಲಕುವುದು ನಿಲ್ಲಿಸಿ, ಮುಂದುವರಿಸಿದರೆ ಬೂದಾಗಿ ತಳ ಸೇರುತ್ತದೆ. ಶಿಖರ 400 ನ್ಯಾನೋಮೀಟರ್ ಹತ್ತಿರ ಇರಬೇಕು.

ಪಾದರಸದ ಅಯಾನು ಬೆಳ್ಳಿಗಿಂತ ಸ್ವಲ್ಪ ಬಲವಾದ ಉತ್ಕರ್ಷಕ. ಪಾದರಸದ ಪ್ರಮಾಣಿತ ವಿಭವ 0.85 ವೋಲ್ಟ್, ಬೆಳ್ಳಿಯದು 0.80. ಹಾಗಾಗಿ ಅದು ಬೆಳ್ಳಿಯ ಕಣವನ್ನು ಕರಗಿಸಿ ತಾನು ಅಮಾಲ್ಗಂ, ಅಂದರೆ ಪಾದರಸದ ಮಿಶ್ರಲೋಹ, ಆಗುತ್ತದೆ. ಹಳದಿ ಮಾಸುತ್ತದೆ. ಸೀಸ, ಕ್ಯಾಡ್ಮಿಯಂಗೆ ಈ ತಾಕತ್ತು ಇಲ್ಲ, ಅದಕ್ಕೇ ಈ ಪರೀಕ್ಷೆಯಲ್ಲಿ ಪಾದರಸ ಬೇರೆಯಾಗಿ ಎದ್ದು ಕಾಣುತ್ತದೆ. ಹೊಸ ಬೆಳ್ಳಿ ದ್ರಾವಣದಲ್ಲಿ ಬೋರೋಹೈಡ್ರೈಡ್ ಉಳಿದಿದ್ದರೆ ಅದೇ ಮೊದಲು ಪಾದರಸವನ್ನು ಅಪಕರ್ಷಿಸುತ್ತದೆ, ಒಂದು ದಿನ ಬಿಟ್ಟು ಬಳಸಿ. ಕ್ಲೋರಿನ್ ಹಾಕಿದ ನಲ್ಲಿ ನೀರಿನಲ್ಲಿ ಮಾತ್ರ ಹುಷಾರು. ಕ್ಲೋರಿನ್ ಕೂಡ ಬೆಳ್ಳಿಯನ್ನು ತಿನ್ನುತ್ತದೆ.

ಹಂತ 4: ತೆಗೆಯುವ ಕಣ ತಯಾರಿ

*ಮ್ಯಾಗ್ನೆಟೈಟ್.* 1981ರಲ್ಲಿ ಮಸ್ಸಾರ್ ಕೊಟ್ಟ ಸಹ-ಅವಕ್ಷೇಪನ ವಿಧಾನ ಇವತ್ತಿಗೂ ಎಲ್ಲಕ್ಕಿಂತ ಸುಲಭ. 100 ಮಿಲಿಲೀಟರ್ ನೀರಿಗೆ ಇಪ್ಪತ್ತು ನಿಮಿಷ ನೈಟ್ರೋಜನ್ ಹಾಯಿಸಿ ಆಮ್ಲಜನಕ ಓಡಿಸಿ. ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 5.4 ಗ್ರಾಂ, ಫೆರಸ್ ಕ್ಲೋರೈಡ್ ಟೆಟ್ರಾಹೈಡ್ರೇಟ್ 2 ಗ್ರಾಂ ಕರಗಿಸಿ. ಫೆರಿಕ್ ಎರಡಕ್ಕೆ ಫೆರಸ್ ಒಂದು, ಈ ಮೋಲ್ ಅನುಪಾತವೇ ಮುಖ್ಯ. 80 ಡಿಗ್ರಿಗೆ ಬಿಸಿ ಮಾಡಿ, ಜೋರಾಗಿ ಕಲಕುತ್ತಾ 25 ಶೇಕಡಾ ಅಮೋನಿಯ ಸುಮಾರು 20 ಮಿಲಿಲೀಟರ್ ಹಾಕಿ, ಪಿಎಚ್ 10ರ ಹತ್ತಿರ ಬರಲಿ. ಆ ಕ್ಷಣಕ್ಕೇ ಕಪ್ಪಾಗುತ್ತದೆ. ಅರ್ಧ ಗಂಟೆ ಬಿಡಿ.

ಕಲಕೋಕೆ ಮ್ಯಾಗ್ನೆಟಿಕ್ ಸ್ಟಿರರ್ ಇಟ್ಟರೆ ಮಾಡಿದ ಮಾಲೆಲ್ಲ ಅದರ ಕಾಂತದ ಕಡ್ಡಿಗೇ ಅಂಟಿ ಕೂರುತ್ತದೆ. ಮೇಲಿನಿಂದ ಇಳಿಬಿಟ್ಟ ಮೋಟಾರ್ ಕಲಕುವಿಕೆ ಬೇಕು. ಮುಂದೆ ನೀರಿನ ಪ್ರಯೋಗ ಮಾಡುವಾಗಲೂ ಇದೇ, ಶೇಕರ್ ಬಳಸಿ.

ಬೀಕರಿನ ಹೊರಗಡೆ ನಿಯೋಡಿಮಿಯಂ ಅಯಸ್ಕಾಂತ ಹಿಡಿದರೆ ಕಪ್ಪು ಪುಡಿ ಗೋಡೆಗೆ ಬರುತ್ತದೆ. ನೀರು ಚೆಲ್ಲಿ, ಮತ್ತೆ ಹಾಕಿ, ಪಿಎಚ್ ತಟಸ್ಥವಾಗುವವರೆಗೆ ತೊಳೆಯಿರಿ. ಪೂರ್ತಿ ಇಳುವರಿ ಬಂದರೆ ಸುಮಾರು 2.3 ಗ್ರಾಂ ಸಿಗಬೇಕು. ಒಣಗಿಸಬೇಡಿ, ನೀರಿನಲ್ಲೇ ಇಡಿ. ಒಣಗಿದ ಪುಡಿ ಹೆಪ್ಪುಗಟ್ಟಿ ಅರ್ಧ ಮೇಲ್ಮೈ ಹೋಗುತ್ತದೆ. ಕಂದು ಬಣ್ಣಕ್ಕೆ ತಿರುಗಿದರೆ ಗಾಳಿ ತಗುಲಿ ಮ್ಯಾಗ್ಹೆಮೈಟ್ ಅನ್ನೋ ಇನ್ನೊಂದು ಕಬ್ಬಿಣದ ಆಕ್ಸೈಡ್ ಆಗುತ್ತಿದೆ ಎಂದರ್ಥ. ಅದೂ ಅಂಟುತ್ತದೆ, ಲೋಹವನ್ನೂ ಹಿಡಿಯುತ್ತದೆ, ಆದರೆ ಹಳೆಯ ಫಲಿತಾಂಶದ ಜೊತೆ ಹೋಲಿಸೋಕೆ ಬರುವುದಿಲ್ಲ.

*ಶೂನ್ಯ ವೇಲೆನ್ಸಿ ಕಬ್ಬಿಣ.* ಅಳತೆ ಸರಳ: 0.045 ಮೋಲಾರ್ ಫೆರಿಕ್ ಕ್ಲೋರೈಡ್, 0.25 ಮೋಲಾರ್ ಸೋಡಿಯಂ ಬೋರೋಹೈಡ್ರೈಡ್, ಎರಡೂ ಸಮ ಪ್ರಮಾಣ. 100 ಮಿಲಿಲೀಟರಿಗೆ ಫೆರಿಕ್ ಲವಣ 1.22 ಗ್ರಾಂ, ಬೋರೋಹೈಡ್ರೈಡ್ 0.95 ಗ್ರಾಂ. ಬೋರೋಹೈಡ್ರೈಡನ್ನು ಆಗಷ್ಟೇ ಕರಗಿಸಿ ಕಬ್ಬಿಣದ ದ್ರಾವಣಕ್ಕೆ ಹನಿ ಹನಿಯಾಗಿ ಬಿಡಿ. ಸಿಗುವ ಕಬ್ಬಿಣ ಕಾಲು ಗ್ರಾಂ. ಅದಕ್ಕೆ ಏಳುವ ಹೈಡ್ರೋಜನ್ ಎರಡು ಲೀಟರಿಗೂ ಜಾಸ್ತಿ ಆಗಬಹುದು. ಹತ್ತಿರ ಕಿಡಿ, ಬಿಸಿ ತಟ್ಟೆ ಇರಬಾರದು, ಪಾತ್ರೆ ಮುಚ್ಚಬಾರದು. ಬಂದ ಕಪ್ಪು ಪುಡಿಯನ್ನು ಆಮ್ಲಜನಕ ತೆಗೆದ ನೀರು, ಎಥನಾಲ್‌ನಲ್ಲಿ ತೊಳೆದು, ಒದ್ದೆಯಾಗಿದ್ದಾಗಲೇ ಬಳಸಿ. ಒಣಗಿದ ತಾಜಾ ಪುಡಿ ಗಾಳಿಯಲ್ಲಿ ತಾನಾಗಿಯೇ ಹೊತ್ತಿಕೊಳ್ಳಬಹುದು.

ಆರ್ಸೆನಿಕ್ ನೀರಿಗೆ ಇದನ್ನು ಬಳಸುವುದಾದರೆ ಬೋರೋಹೈಡ್ರೈಡ್ ಚೂರೂ ಉಳಿಯದಂತೆ ತೊಳೆಯಿರಿ. ಆರ್ಸೆನಿಕ್, ಆಮ್ಲ, ಬೋರೋಹೈಡ್ರೈಡ್ ಮೂರೂ ಸೇರಿದರೆ ಆರ್ಸೈನ್ ಅನಿಲ ಏಳುತ್ತದೆ, ಅದು ಕೊಲ್ಲುವ ವಿಷ. ತ್ಯಾಜ್ಯದ ಬಾಟಲಿಯಲ್ಲೂ ಈ ಮೂರು ಸೇರಬಾರದು.

ಯಾವ ಲೋಹಕ್ಕೆ ಯಾವುದು?

ಕಬ್ಬಿಣದ ಪ್ರಮಾಣಿತ ವಿಭವ ಮೈನಸ್ 0.44 ವೋಲ್ಟ್. ಅದಕ್ಕಿಂತ ಮೇಲಿರುವ ತಾಮ್ರ, ಪಾದರಸ, ಸೀಸವನ್ನು ಶೂನ್ಯ ವೇಲೆನ್ಸಿ ಕಬ್ಬಿಣ ಲೋಹವಾಗಿ ಇಳಿಸಬಲ್ಲದು. ಕ್ಯಾಡ್ಮಿಯಂ ಮೈನಸ್ 0.40, ತೀರಾ ಪಕ್ಕ. ಹಾಗಾಗಿ ಅದು ಮುಖ್ಯವಾಗಿ ಮೇಲ್ಮೈಗೆ ಅಂಟುವುದಷ್ಟೇ. ಸತುವಿಗೂ ಹಾಗೇ. ಆರು ವೇಲೆನ್ಸಿ ಕ್ರೋಮಿಯಂಗಂತೂ ನಾನು ಬೇರೆ ಏನೂ ಆರಿಸುವುದಿಲ್ಲ. ಅದು ಮೂರು ವೇಲೆನ್ಸಿಗೆ ಇಳಿದು ಕಬ್ಬಿಣದ ಜೊತೆ ಹೈಡ್ರಾಕ್ಸೈಡ್ ಆಗಿ ಕೂರುತ್ತದೆ, ವಿಷವೂ ಕಡಿಮೆಯಾಗುತ್ತದೆ.

ಸೀಸ, ಆರ್ಸೆನಿಕ್‌ಗೆ ಮ್ಯಾಗ್ನೆಟೈಟ್ ಸಾಕು. ಪಾದರಸ, ಕ್ಯಾಡ್ಮಿಯಂಗೆ ಅದರ ಮೇಲೆ ಗಂಧಕದ ಗುಂಪಿರುವ ಡೈಮರ್ಕ್ಯಾಪ್ಟೋಸಕ್ಸಿನಿಕ್ ಆಮ್ಲ ಕೂರಿಸಿದರೆ ಹಿಡಿತ ಗಟ್ಟಿ.

ಹಂತ 5: ಬ್ಯಾಚ್ ಪ್ರಯೋಗ

ಲೀಟರಿಗೆ ಒಂದು ಮಿಲಿಗ್ರಾಂ ಸೀಸ ಇರುವ ನೀರು 100 ಮಿಲಿಲೀಟರ್, ಐದಾರು ಬಾಟಲಿ. ಮ್ಯಾಗ್ನೆಟೈಟ್ 10, 25, 50, 100 ಮಿಲಿಗ್ರಾಂ. ಶೇಕರಿನಲ್ಲಿಟ್ಟು 5, 15, 30, 60, 120 ನಿಮಿಷಕ್ಕೆ ಸ್ವಲ್ಪ ಸ್ವಲ್ಪ ತೆಗೆದು ಅಳೆಯಿರಿ. ಒಂದು ಬಾಟಲಿಯಲ್ಲಿ ಕಣ ಇಲ್ಲದ ಸೀಸದ ನೀರು, ಇನ್ನೊಂದರಲ್ಲಿ ಸೀಸ ಇಲ್ಲದ ನೀರಿಗೆ ಕಣ. ಈ ಎರಡನ್ನು ಬಿಟ್ಟು ಪ್ರಯೋಗ ಮಾಡಿದರೆ ಫಲಿತಾಂಶಕ್ಕೆ ಬೆಲೆ ಇಲ್ಲ.

ಪಿಎಚ್ ಎಲ್ಲಕ್ಕಿಂತ ಮುಖ್ಯ. ಮ್ಯಾಗ್ನೆಟೈಟ್ ಮೇಲ್ಮೈ ಕಡಿಮೆ ಪಿಎಚ್‌ನಲ್ಲಿ ಧನ ವಿದ್ಯುತ್, ತಟಸ್ಥ ದಾಟಿದ ಮೇಲೆ ಋಣ. ಸೀಸ ಧನ ಅಯಾನು, ಹಾಗಾಗಿ 5ರಿಂದ 6ರ ಹತ್ತಿರ ಚೆನ್ನಾಗಿ ಹಿಡಿಯುತ್ತದೆ, 3ರಲ್ಲಿ ಅಷ್ಟಕ್ಕಷ್ಟೇ. 7 ದಾಟಿದರೆ ಸೀಸ ತಾನೇ ಹೈಡ್ರಾಕ್ಸೈಡ್, ಕಾರ್ಬೋನೇಟ್ ಆಗಿ ತಳ ಸೇರಲು ಶುರು. ಆಗ ನಿಮ್ಮ ಕಣಕ್ಕೆ ಸಿಗುವ ಹೆಸರು ಅದರದ್ದಲ್ಲ. ಕಣ ಇಲ್ಲದ ಆ ಬಾಟಲಿ ಇಟ್ಟಿದ್ದು ಇದಕ್ಕೇ.

ಆರ್ಸೆನಿಕ್‌ನ ದಾರಿ ಬೇರೆ. ಐದು ವೇಲೆನ್ಸಿಯ ಆರ್ಸೆನೇಟ್ ಋಣ ಅಯಾನು, ಕಡಿಮೆ ಪಿಎಚ್ ಅದಕ್ಕೆ ಇಷ್ಟ. ಮೂರು ವೇಲೆನ್ಸಿಯದಕ್ಕೆ ಸಾಧಾರಣ ನೀರಿನಲ್ಲಿ ಚಾರ್ಜೇ ಇಲ್ಲ, ಹಿಡಿಯೋದು ಕಷ್ಟ, ಮೊದಲು ಕ್ಲೋರಿನ್‌ನಿಂದ ಉತ್ಕರ್ಷಿಸಿದರೆ ಒಳ್ಳೆಯದು. ಫಾಸ್ಫೇಟ್ ಆರ್ಸೆನೇಟಿನ ತದ್ರೂಪಿ ಇದ್ದ ಹಾಗೆ, ಅದೇ ಜಾಗಕ್ಕೆ ಪೈಪೋಟಿ ಮಾಡುತ್ತದೆ. ಸಿಲಿಕೇಟ್ ಕೂಡ. ಸೀಸ ಮತ್ತು ಆರ್ಸೆನಿಕ್ ಎರಡೂ ಇರುವ ನೀರಿಗೆ ಒಂದೇ ಪಿಎಚ್ ಹುಡುಕೋದಕ್ಕಿಂತ ಎರಡು ಹಂತ ಮಾಡುವುದು ವಾಸಿ.

ಲೆಕ್ಕ ಹೀಗೆ. ಮೊದಲ ಪ್ರಮಾಣದಿಂದ ಕೊನೆಯ ಪ್ರಮಾಣ ಕಳೆದು, ನೀರಿನ ಲೀಟರಿನಿಂದ ಗುಣಿಸಿ, ಕಣದ ಗ್ರಾಂನಿಂದ ಭಾಗಿಸಿ. 50 ಮಿಲಿಗ್ರಾಂ ಹಾಕಿದ ಬಾಟಲಿಯಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಇದ್ದದ್ದು 0.02ಕ್ಕೆ ಇಳಿಯಿತು ಅಂದುಕೊಳ್ಳಿ. 0.98 × 0.1 ÷ 0.05, ಅಂದರೆ ಗ್ರಾಂಗೆ 1.96 ಮಿಲಿಗ್ರಾಂ. ಶೇಕಡಾವಾರು 98. ಕೇಳೋಕೆ ಎಷ್ಟು ಚೆನ್ನ! ಆದರೆ ಉಳಿದ 0.02 ಮಿಲಿಗ್ರಾಂ ಅಂದರೆ 20 ಪಿಪಿಬಿ, ಮಿತಿಯ ಎರಡು ಪಟ್ಟು. ಆ ನೀರು ಇನ್ನೂ ಕುಡಿಯುವಂತಿಲ್ಲ. ಯಾರಾದರೂ ಬರೀ ಶೇಕಡಾವಾರು ಹೇಳಿದರೆ ಉಳಿದದ್ದು ಎಷ್ಟು ಅಂತ ಕೇಳಿ.

ಹಂತ 6: ಕಣ ವಾಪಸ್ ತೆಗೆಯೋದು

2006ರಲ್ಲಿ ರೈಸ್ ವಿಶ್ವವಿದ್ಯಾಲಯದ ತಂಡ 12 ನ್ಯಾನೋಮೀಟರ್ ಮ್ಯಾಗ್ನೆಟೈಟನ್ನು ದುರ್ಬಲ ಕಾಂತಕ್ಷೇತ್ರದಲ್ಲೇ ನೀರಿನಿಂದ ಎಳೆದು ತೋರಿಸಿತು, ಅದರಿಂದ ಆರ್ಸೆನಿಕ್ ತೆಗೆದೂ ತೋರಿಸಿತು. ಲ್ಯಾಬಿನಲ್ಲಿ ಬೀಕರಿನ ಪಕ್ಕ ಒಳ್ಳೆ ಅಯಸ್ಕಾಂತ ಅರ್ಧ ಗಂಟೆ ಇಟ್ಟರೆ ನೀರು ತಿಳಿಯಾಗುತ್ತದೆ.

ತಿಳಿಯಾದ ಮಾತ್ರಕ್ಕೆ ನಂಬಬೇಡಿ. ಎಲ್ಲರ ಕೈಯಲ್ಲಿರುವ 0.45 ಮೈಕ್ರೋಮೀಟರ್ ಫಿಲ್ಟರಿನ ರಂಧ್ರ 450 ನ್ಯಾನೋಮೀಟರ್. 12 ನ್ಯಾನೋಮೀಟರ್ ಕಣ ಅದರಲ್ಲಿ ಆರಾಮಾಗಿ ಹಾದುಹೋಗುತ್ತದೆ. ಸೀಸ ಹೊತ್ತ ಕಣ ಹಾಗೆ ನುಸುಳಿದರೆ ಉಪಕರಣ ಅದನ್ನೂ ಕರಗಿದ ಸೀಸ ಅಂತಲೇ ಲೆಕ್ಕ ಹಾಕುತ್ತದೆ. ಕಣ ಚೆನ್ನಾಗಿ ಕೆಲಸ ಮಾಡಿದ್ದರೂ ಕೆಟ್ಟದಾಗಿ ಕಾಣುತ್ತದೆ. ಹಾಗಾಗಿ ಪ್ರತಿ ಮಾದರಿಯನ್ನೂ ಎರಡು ರೀತಿ ಅಳೆಯಿರಿ: ಅಯಸ್ಕಾಂತದ ನಂತರ ಹಾಗೇ ಒಂದು, ಕಣಕ್ಕಿಂತ ಸಣ್ಣ ರಂಧ್ರದ ಅಲ್ಟ್ರಾಫಿಲ್ಟರಿನಲ್ಲಿ ಸೋಸಿ ಇನ್ನೊಂದು. ಎರಡರ ನಡುವೆ ಸೀಸದಲ್ಲಿ ವ್ಯತ್ಯಾಸ ಬಂದರೆ ಅದು ಕಣದ ಮೇಲೆ ಕುಳಿತು ಓಡಾಡುತ್ತಿರುವ ಸೀಸ. ಕುಡಿಯುವವರ ಹೊಟ್ಟೆಗೆ ಹೋಗುವುದು ಸೋಸದ ನೀರು, ಗುರಿಗೆ ಹೋಲಿಸಬೇಕಾದ್ದೂ ಆ ಸಂಖ್ಯೆಯನ್ನೇ. ಜೊತೆಗೆ ಒಟ್ಟು ಕಬ್ಬಿಣವನ್ನೂ ಅಳೆಯಿರಿ, ಕಣ ಎಷ್ಟು ತಪ್ಪಿಸಿಕೊಂಡಿದೆ ಅಂತ ಗೊತ್ತಾಗುತ್ತದೆ.

ದಿನವೂ ಹರಿಯುವ ನೀರಿಗೆ ಬಿಡಿ ಕಣ ಬೇಡವೇ ಬೇಡ. ಕಣವನ್ನು ಹರಳು, ಜೇಡಿಮಣ್ಣು, ಅಲ್ಯುಮಿನಾ ಅಥವಾ ಕೈಟೋಸಾನ್ ಅನ್ನೋ ಜೈವಿಕ ಪಾಲಿಮರ್‌ನಲ್ಲಿ ಕಟ್ಟಿಹಾಕಿ ಕಾಲಂ ತುಂಬಬೇಕು. ಮದ್ರಾಸ್ ಐಐಟಿಯ ಟಿ. ಪ್ರದೀಪ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಕೈಟೋಸಾನ್ ಆಧಾರದ ನ್ಯಾನೋ ಹರಳುಗಳು ಇದೇ ದಾರಿಯವು. ಕಾಲಂ ಕೆಳಗೆ ಬರುವ ನೀರನ್ನು ನಿಯತವಾಗಿ ಅಳೆಯುತ್ತಾ ಇರಿ. ಮಿತಿಯ ಅರ್ಧ ಮುಟ್ಟಿದ ಕೂಡಲೇ ತುಂಬಿದ ಮಾಲು ಬದಲಾಯಿಸಿ, ಮಿತಿ ದಾಟುವವರೆಗೆ ಕಾಯಬೇಡಿ.

ಹಂತ 7: ತೊಳೆದು ಮತ್ತೆ ಬಳಸುವುದು, ತ್ಯಾಜ್ಯ

ಸೀಸ, ಕ್ಯಾಡ್ಮಿಯಂ ಹಿಡಿದ ಮ್ಯಾಗ್ನೆಟೈಟನ್ನು 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಅಥವಾ ಇಡಿಟಿಎಯಲ್ಲಿ ತೊಳೆದರೆ ಲೋಹ ಬಿಡುತ್ತದೆ. ಆಮ್ಲ ಮ್ಯಾಗ್ನೆಟೈಟನ್ನೂ ಸ್ವಲ್ಪ ಕರಗಿಸುತ್ತದೆ, ಹಾಗಾಗಿ ಹೆಚ್ಚು ಹೊತ್ತು ಬಿಡಬೇಡಿ. ಆರ್ಸೆನಿಕ್‌ಗೆ ಸೋಡಿಯಂ ಹೈಡ್ರಾಕ್ಸೈಡ್ ಬೇಕು. ಪ್ರತಿ ತೊಳೆತದ ನಂತರ ಅದೇ ಪ್ರಯೋಗ ಮತ್ತೆ ಮಾಡಿ, ಸಾಮರ್ಥ್ಯ ಎಷ್ಟು ಇಳಿಯಿತು ನೋಡಿ ಬರೆದಿಡಿ. ಶೂನ್ಯ ವೇಲೆನ್ಸಿ ಕಬ್ಬಿಣ ಒಂದೇ ಸಲಕ್ಕೆ, ತುಕ್ಕಾದ ಮೇಲೆ ಮರಳುವುದಿಲ್ಲ.

ತೊಳೆದ ನೀರಿನಲ್ಲಿ ಈಗ ಮೊದಲಿಗಿಂತ ಹತ್ತಾರು ಪಟ್ಟು ಗಟ್ಟಿಯಾದ ವಿಷ ಇದೆ. ಅದು ಸಿಂಕಿಗೆ ಹೋಗುವಂತಿಲ್ಲ. ಬೇರೆ ಬೇರೆ ಲೋಹಕ್ಕೆ ಬೇರೆ ಬೇರೆ ಬಾಟಲಿ, ಮೇಲೆ ಲೋಹದ ಹೆಸರು, ಆಮ್ಲವೋ ಕ್ಷಾರವೋ, ದಿನಾಂಕ. ಬೋರೋಹೈಡ್ರೈಡ್ ಇರುವ ಬಾಟಲಿಗೆ ಮೊದಲ ಕೆಲವು ದಿನ ಗಾಳಿಯಾಡುವ ಮುಚ್ಚಳ. ಕೊನೆಗೆ ಉಳಿಯುವ ಕಪ್ಪು ಕೆಸರನ್ನು ಸಿಮೆಂಟಿನಲ್ಲಿ ಗಟ್ಟಿ ಮಾಡುವ ಪದ್ಧತಿ ಇದೆ. ಹಾಗೆ ಮಾಡಿದ ತುಂಡಿನಿಂದ ಲೋಹ ಮತ್ತೆ ಸೋರುತ್ತದೆಯೇ ಎಂದು ಸೋರಿಕೆ ಪರೀಕ್ಷೆ ಮಾಡಿಸಿ, ಅದರ ವರದಿ ಬಂದ ಮೇಲೆಯೇ ಅಪಾಯಕಾರಿ ತ್ಯಾಜ್ಯ ಒಯ್ಯುವವರ ಕೈಗೆ ಕೊಡಿ.